ಪುಸ್ತಕದಲ್ಲಿಲ್ಲದ ಕಾಯಿಲೆ

ಸಮಾಜ ಸೇವಕಿ ಎಂದೊಡನೆ ನಮ್ಮವರಿಗೆ ನೆನಪಾಗುವುದು ಖಾದಿಯ ಸೀರೆ, ಹೆಗಲಿಗೊಂದು ಚೀಲ, ಮಹಿಳಾ ಸಮಾಜದ ಹೊಲಿಗೆ ತರಗತಿ, ನೆರೆ ಬಂದ ವರ್ಷ ಕಂಬಳಿ ಹಂಚುವ ಏರ್ಪಾಡು. ಇವೆಲ್ಲ ಒಳ್ಳೆಯ ಕೆಲಸಗಳೇ ಸರಿ. ಇವನ್ನು ನಾವು ಹಗುರಾಗಿ ಕಾಣುವವರಲ್ಲ. ಆದರೆ ಸಮಾಜಕಾರ್ಯವನ್ನು ಒಂದು ಶಾಸ್ತ್ರವಾಗಿ ಓದಿ, ಪದವಿ ಪಡೆದು, ಆಸ್ಪತ್ರೆಯಲ್ಲಿ ಸಂಬಳಕ್ಕೆ ಸೇರಿ, ಯುದ್ಧದಿಂದ ಹಿಂದಿರುಗಿದ ಸಿಪಾಯಿಯ ಎದುರಿಗೆ ಕುಳಿತು ಅವನ ಮಾತು ಕೇಳುವುದನ್ನೇ ಉದ್ಯೋಗ ಮಾಡಿಕೊಂಡವರೂ ಉಂಟು. ಅಂಥವರಲ್ಲಿ ಒಬ್ಬರು ಅಮೆರಿಕದ ಸಾರಾ ಹೇಲಿ. ಈಕೆ ವೈದ್ಯರಲ್ಲ, ಸೇನಾಧಿಕಾರಿಯೂ ಅಲ್ಲ. ಆದರೂ ಈಗ ಎಲ್ಲ ದೇಶಗಳ ಮನೋವೈದ್ಯರೂ ಬಳಸುವ ಒಂದು ಕಾಯಿಲೆಯ ಹೆಸರು ವೈದ್ಯರ ಪುಸ್ತಕದೊಳಗೆ ಸೇರಿದ್ದಕ್ಕೆ ಈಕೆಯ ಹಟವೂ ಒಂದು ಕಾರಣ.

ನಮ್ಮ ಓದುಗರಲ್ಲಿ ಪುಣೆ, ಸಿಕಂದರಾಬಾದು, ದಿಲ್ಲಿಗಳ ಸೈನ್ಯದ ಕಚೇರಿಗಳಲ್ಲಿ ದುಡಿಯುವವರಿದ್ದಾರೆ. ಮನೆಯಲ್ಲಿ ಒಬ್ಬ ನಿವೃತ್ತ ಹವಾಲ್ದಾರರೋ ಸುಬೇದಾರರೋ ಇರುವವರಿದ್ದಾರೆ. ಮಾವನವರು ಏಕೆ ಪಟಾಕಿಯ ಸದ್ದಿಗೆ ಎದ್ದು ಒಳಗೆ ಹೋಗುತ್ತಾರೆ, ಏಕೆ ಗಡಿಯ ದಿನಗಳ ಮಾತು ಬಂದರೆ ಪೇಪರು ಎತ್ತಿಕೊಳ್ಳುತ್ತಾರೆ ಎಂದು ಅಂಥ ಮನೆಗಳ ಸೊಸೆಯಂದಿರು ಒಮ್ಮೆಯಾದರೂ ಯೋಚಿಸಿದ್ದಿರಬಹುದು. ಆ ಕಾರಣದಿಂದ ಈ ಪರದೇಶದ ಕಥೆಯನ್ನು ಕೊಂಚ ವಿಸ್ತಾರವಾಗಿಯೇ ಹೇಳಬೇಕೆಂದಿದ್ದೇವೆ.

೧೯೬೯ರ ಸೆಪ್ಟೆಂಬರ್ ತಿಂಗಳು. ವಿಯೆಟ್ನಾಮಿನಲ್ಲಿ ಅಮೆರಿಕದ ಸೈನ್ಯ ಕಾದುತ್ತಿದ್ದ ಕಾಲ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದ ಸಾರಾ ಹೇಲಿಯವರು ಬಾಸ್ಟನ್ ನಗರದಲ್ಲಿ ಮಾಜಿ ಸೈನಿಕರಿಗಾಗಿ ಸರಕಾರ ನಡೆಸುತ್ತಿದ್ದ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. ಸೇರಿದ ಮೊದಲ ದಿನವೇ ಅವರ ಎದುರಿಗೆ ಬಂದು ಕುಳಿತವನು ವಿಯೆಟ್ನಾಮಿನಿಂದ ಹಿಂದಿರುಗಿದ್ದ ಒಬ್ಬ ಸಿಪಾಯಿ. ಮನುಷ್ಯ ಬಹಳ ಗಾಬರಿಗೊಂಡಿದ್ದ. ಅವನು ಹೇಳಿದ್ದಿಷ್ಟು: ತನ್ನ ಪಡೆಯವರು ಮೈ ಲಾಯ್ ಎಂಬ ಹಳ್ಳಿಗೆ ನುಗ್ಗಿ ಹೆಂಗಸರು ಮಕ್ಕಳೆನ್ನದೆ ಕೊಂದರು, ತಾನು ಗುಂಡು ಹಾರಿಸಲಿಲ್ಲ, ಈ ಸಂಗತಿಯನ್ನು ಹೊರಗೆ ಬಾಯಿ ಬಿಟ್ಟರೆ ನಿನ್ನನ್ನೂ ಮುಗಿಸುತ್ತೇವೆ ಎಂದು ಜೊತೆಯವರು ಬೆದರಿಸಿದರು. ಈಗ ಊರಿಗೆ ಬಂದಿದ್ದರೂ ಅವರಲ್ಲಿ ಯಾರೋ ತನ್ನನ್ನು ಕೊಲ್ಲಲು ಬರುತ್ತಾರೆಂಬ ಭಯ ಅವನನ್ನು ಬಿಟ್ಟಿರಲಿಲ್ಲ.

ಮೈ ಲಾಯ್ ಎಂಬ ಹೆಸರನ್ನು ಆ ದಿನ ಆಸ್ಪತ್ರೆಯಲ್ಲಿ ಯಾರೂ ಕೇಳಿರಲಿಲ್ಲ. ಆ ಹತ್ಯೆ ನಡೆದದ್ದು ೧೯೬೮ರ ಮಾರ್ಚ್ ೧೬ರಂದು. ಅದು ಪತ್ರಿಕೆಗಳಲ್ಲಿ ಬಂದು ಜಗತ್ತಿಗೆ ತಿಳಿದದ್ದು ೧೯೬೯ರ ನವೆಂಬರಿನಲ್ಲಿ. ಎಂದರೆ ಈ ಸಿಪಾಯಿ ಬಂದು ಕುಳಿತ ಮೇಲೆ ಸುಮಾರು ಎರಡು ತಿಂಗಳಿಗೆ. ಸತ್ತವರು ೩೪೭ ಎಂದು ಅಮೆರಿಕದ ಸೈನ್ಯ ಲೆಕ್ಕ ಹಾಕಿತು. ೫೦೪ ಎಂದು ವಿಯೆಟ್ನಾಮಿನವರು ಹೆಸರುಗಳನ್ನೇ ಬರೆದಿಟ್ಟರು. ಇದೆಲ್ಲ ಆಮೇಲಿನ ಮಾತು.

ಅಂದೇ ಆಸ್ಪತ್ರೆಯ ಸಿಬ್ಬಂದಿಯ ಸಭೆ. ಹೊಸದಾಗಿ ಬಂದ ರೋಗಿಗಳ ವಿಷಯ ಒಂದೊಂದಾಗಿ ಚರ್ಚೆಗೆ ಬರುತ್ತದೆ. ಈ ಸಿಪಾಯಿಯ ಕಾಗದದಲ್ಲಿ ಕಾಯಿಲೆಯ ಹೆಸರು ಆಗಲೇ ಭರ್ತಿಯಾಗಿತ್ತು: ಪ್ಯಾರನಾಯ್ಡ್ ಸ್ಕಿಜೋಫ್ರೀನಿಯಾ. ಯಾರೋ ತನ್ನನ್ನು ಕೊಲ್ಲಲು ಬರುತ್ತಿದ್ದಾರೆಂದು ಸುಮ್ಮಸುಮ್ಮನೆ ಭ್ರಮಿಸುವ ಹುಚ್ಚು ಎಂದು ಅರ್ಥ. ಹೇಲಿಯವರು ಆಕ್ಷೇಪವೆತ್ತಿದರು. ಈತ ಹೇಳುವ ಕಥೆ ನಿಜವೆಂದು ಇಟ್ಟುಕೊಂಡರೆ ಇವನಲ್ಲಿ ಹುಚ್ಚಿನ ಬೇರೆ ಯಾವ ಲಕ್ಷಣವೂ ಇಲ್ಲವಲ್ಲ ಎಂದರು. ಇವನಿಗೆ ಭ್ರಮೆಯೆಂಬುದು ಸ್ಪಷ್ಟವಾಗಿದೆ ಎಂದು ಹಿರಿಯರು ಉತ್ತರ ಕೊಟ್ಟರು. ಈಕೆ ಬಿಡದೆ ವಾದಿಸಿದಾಗ, ಪಾಪ, ಇವತ್ತು ತಾನೆ ಬಂದಿದ್ದೀರಿ, ಇಲ್ಲಿಯ ಕೆಲಸದ ರೀತಿ ನಿಮಗಿನ್ನೂ ತಿಳಿಯದು ಎಂಬ ಧಾಟಿಯಲ್ಲಿ ನಕ್ಕು ಬಾಯಿ ಮುಚ್ಚಿಸಿದರು. ಆ ಸಭೆಯಿಂದ ತಾನು ನಗೆಪಾಟಲಾಗಿ ಹೊರಬಂದೆನೆಂದು ಮುಂದೆ ಆಕೆಯೇ ಹೇಳಿಕೊಂಡಿದ್ದಾರೆ.

ಆ ಕೋಣೆಯಲ್ಲಿದ್ದವರೆಲ್ಲ ಓದಿದವರು, ಅನುಭವಸ್ಥರು. ಅವರ ನಡುವೆ ಮೊದಲ ದಿನದ ಒಬ್ಬ ನೌಕರಳಿಗೆ ಮಾತ್ರ ಆ ಕಥೆ ನಿಜವಿರಬಹುದೆಂದು ಏಕೆ ತೋರಿತು? ಕಾರಣ ಮನೆಯಲ್ಲೇ ಇತ್ತು. ಹೇಲಿಯವರ ತಂದೆ ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದಲ್ಲಿ ಗುಪ್ತದಳದ ಕೆಲಸ ಮಾಡಿದವರು. ಯುದ್ಧದಲ್ಲಿ ಮನುಷ್ಯರು ಎಂತೆಂಥ ಕ್ರೌರ್ಯಕ್ಕೆ ಇಳಿಯುತ್ತಾರೆಂಬುದನ್ನು ಆಕೆ ತಂದೆಯ ಬಾಯಿಂದಲೇ ಕೇಳಿ ಬೆಳೆದಿದ್ದರು. ಹಿರಿಯರು ಭ್ರಮೆಯೆಂದು ತಳ್ಳಿದ್ದು ಆಕೆಗೆ ಮನೆಯಲ್ಲಿ ಕೇಳಿದ ಮಾತಿನಂತೆಯೇ ತೋರಿತು.

ಇನ್ನು ಆ ಹಿರಿಯರನ್ನು ಹೃದಯವಿಲ್ಲದವರೆಂದು ಬಯ್ದು ಮುಂದೆ ಹೋಗುವುದು ಸುಲಭ. ನಮಗೆ ಹಾಗೆ ತೋರುವುದಿಲ್ಲ. ನಾವು ಸರಕಾರಿ ಕಚೇರಿಯ ಮೇಜಿನ ಮುಂದೆ ದಿನ ಕಳೆಯುವವರು. ಕಾಲಂ ಎಂಬುದರ ಬಲ ಎಷ್ಟೆಂದು ಬಲ್ಲೆವು. ಅರ್ಜಿದಾರ ಎದುರಿಗೆ ನಿಂತು ಅಳುತ್ತಿರಬಹುದು. ಆದರೆ ಅವನ ಕಷ್ಟಕ್ಕೆ ಸರಿಹೊಂದುವ ಕಾಲಂ ನಮೂನೆಯಲ್ಲಿ ಇಲ್ಲದಿದ್ದರೆ ಗುಮಾಸ್ತ ಅದನ್ನು ಹತ್ತಿರದ ಇನ್ನಾವುದೋ ಕಾಲಮ್ಮಿಗೆ ತುರುಕುತ್ತಾನೆ, ಇಲ್ಲವೇ ಅರ್ಜಿಯನ್ನು ಹಿಂದಕ್ಕೆ ಕೊಡುತ್ತಾನೆ. ಲೆಕ್ಕಶೀರ್ಷಿಕೆ ಇಲ್ಲದೆ ಖಜಾನೆಯಿಂದ ಒಂದು ಕಾಸೂ ಹೊರಡದು. ಮನೋವೈದ್ಯರಿಗೂ ಇಂಥದೇ ಒಂದು ನಮೂನೆಯ ಪುಸ್ತಕವುಂಟು. ಅಮೆರಿಕದ ಮನೋವೈದ್ಯ ಸಂಘ ಹೊರಡಿಸುವ, ಡಿ.ಎಸ್.ಎಂ. ಎಂದು ಕರೆಯುವ ಕೈಪಿಡಿ ಅದು. ಒಂದೊಂದು ಮನೋರೋಗಕ್ಕೂ ಅದರಲ್ಲಿ ಒಂದು ಹೆಸರು, ಒಂದು ಅಂಕೆ, ಲಕ್ಷಣಗಳ ವಿವರಣೆ.

೧೯೫೨ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲಿ ಒಂದು ಕಾಲಂ ಇತ್ತು. ಎರಡನೆಯ ಮಹಾಯುದ್ಧದ ಅನುಭವ ಆಗಿನ್ನೂ ಹಸಿಯಾಗಿದ್ದುದರಿಂದ, ಯುದ್ಧ ಮೊದಲಾದ ಘೋರ ಸಂದರ್ಭಗಳಲ್ಲಿ ಸಿಕ್ಕಿದ ಸಾಧಾರಣ ಮನುಷ್ಯನೂ ಮನಸ್ಸು ಕೆಡುವುದುಂಟೆಂದು ಒಪ್ಪಿ ಅದಕ್ಕೊಂದು ಹೆಸರು ಕೊಟ್ಟಿದ್ದರು. ೧೯೬೮ರಲ್ಲಿ ಎರಡನೆಯ ಆವೃತ್ತಿ ಬಂತು. ಆ ಹೆಸರು ಮಾಯವಾಯಿತು. ಅದರ ಬದಲಿಗೆ ಹೊಸ ಪರಿಸ್ಥಿತಿಗೆ ಹೊಂದಿಕೊಳ್ಳಲಾರದ ವಯಸ್ಕರ ತೊಂದರೆ ಎಂಬ ಸಣ್ಣದೊಂದು ಕಾಲಂ. ಅದರ ಕೆಳಗೆ ಮೂರು ಉದಾಹರಣೆಗಳು. ಬೇಡವಾದ ಬಸಿರಿನಿಂದ ಆಗುವ ಬೇಸರ ಒಂದು. ಮರಣದಂಡನೆಗೆ ಗುರಿಯಾದ ಕೈದಿಯ ವಿಚಿತ್ರ ವರ್ತನೆ ಇನ್ನೊಂದು. ಇವೆರಡರ ನಡುವೆ, ಕಾಳಗದ ಹೆದರಿಕೆಯಿಂದ ನಡುಗುವುದು, ಓಡುವುದು, ಅಡಗುವುದು. ಮುಗಿಯಿತು. ಊರಿಗೆ ಬಂದು ಒಂದು ವರ್ಷವೋ ಎರಡು ವರ್ಷವೋ ಆದ ಮೇಲೆ ನಿದ್ದೆ ಕೆಟ್ಟು ಕುಳಿತವನಿಗೆ ಆ ಪುಸ್ತಕದಲ್ಲಿ ಸ್ಥಳವೇ ಇಲ್ಲ. ವಿಯೆಟ್ನಾಮಿನಲ್ಲಿ ಅತಿ ಹೆಚ್ಚು ಅಮೆರಿಕನ್ ಸೈನಿಕರು ಸತ್ತ ವರ್ಷ ಅದೇ ೧೯೬೮ ಎಂಬುದನ್ನು ಇಲ್ಲಿ ಜ್ಞಾಪಿಸಬೇಕು. ಕಾಲಂ ಬೇಕಾದ ವರ್ಷವೇ ಕಾಲಂ ಹೋಯಿತು! ಇಂಥದು ಸರಕಾರಿ ಕಚೇರಿಗಳಲ್ಲಿ ಮಾತ್ರ ನಡೆಯುತ್ತದೆಂದು ನಾವು ತಿಳಿದಿದ್ದೆವು.

ಯುದ್ಧದಿಂದ ಮನಸ್ಸು ಒಡೆಯುವುದು ವೈದ್ಯಶಾಸ್ತ್ರಕ್ಕೆ ಹೊಸದಾಗಿರಲಿಲ್ಲ. ನಮ್ಮ ರನ್ನಕವಿಯ ದುರ್ಯೋಧನ ಹೆಣಗಳ ನಡುವೆ ಕಾಲಿಡುತ್ತ ದ್ರೋಣನನ್ನೂ ಮಗನನ್ನೂ ತಮ್ಮನನ್ನೂ ಕರ್ಣನನ್ನೂ ಕಂಡು ಬಾಯಿಬಿಟ್ಟು ಅಳುವ ಭಾಗವನ್ನು ಶಾಲೆಯಲ್ಲಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದನೆಯ ಮಹಾಯುದ್ಧದಲ್ಲಿ ಇದಕ್ಕೆ ಷೆಲ್ ಷಾಕ್ ಎಂದರು. ಆ ಹೆಸರನ್ನು ಬ್ರಿಟಿಷ್ ವೈದ್ಯ ಚಾರ್ಲ್ಸ್ ಮೈಯರ್ಸ್ ೧೯೧೫ರಲ್ಲಿ ವೈದ್ಯಪತ್ರಿಕೆಯಲ್ಲಿ ಬಳಸಿದರು. ತೋಪಿನ ಗುಂಡು ಸಮೀಪ ಸಿಡಿದದ್ದರಿಂದ ಆದ ಆಘಾತವೆಂಬ ಊಹೆ ಅದರ ಹಿಂದೆ ಇತ್ತು. ಗುಂಡು ಸಿಡಿಯದ ಕಡೆ ಇದ್ದವರಿಗೂ ಅದೇ ಕಾಯಿಲೆ ಬಂದಾಗ ಊಹೆ ಬಿದ್ದುಹೋಯಿತು, ಹೆಸರು ಉಳಿಯಿತು.

ಸಮಾಜ ಸೇವಕಿಯರು ಈ ಕ್ಷೇತ್ರಕ್ಕೆ ಕಾಲಿಟ್ಟದ್ದೂ ಆಗಲೇ. ಅದೂ ಬಾಸ್ಟನ್ನಿನಲ್ಲೇ! ಅಲ್ಲಿಯ ಮಾನಸಿಕ ಆಸ್ಪತ್ರೆಯಲ್ಲಿ ಸಮಾಜಸೇವಾ ವಿಭಾಗದ ಮುಖ್ಯಸ್ಥೆಯಾಗಿದ್ದ ಮೇರಿ ಜ್ಯಾರೆಟ್ ಎಂಬುವರು, ಮನೋರೋಗಿಗೆ ಔಷಧ ಕೊಟ್ಟರೆ ಸಾಲದು, ಅವನ ಮನೆ, ಕೆಲಸ, ನೆರೆಹೊರೆ ಎಲ್ಲವನ್ನೂ ತಿಳಿದವರೊಬ್ಬರು ಜೊತೆಗೆ ಬೇಕು ಎಂದು ನಂಬಿದವರು. ೧೯೧೮ರ ಬೇಸಗೆಯಲ್ಲಿ, ಯುದ್ಧದಿಂದ ಮನಸ್ಸು ಕೆಟ್ಟು ಬರುವ ಸೈನಿಕರನ್ನು ನೋಡಿಕೊಳ್ಳಲೆಂದು ಸ್ಮಿತ್ ಕಾಲೇಜಿನಲ್ಲಿ ಹೆಂಗಸರಿಗಾಗಿ ತರಬೇತಿ ಶಾಲೆಯೊಂದು ತೆರೆಯಿತು; ಅದನ್ನು ನಡೆಸಿದವರು ಈ ಜ್ಯಾರೆಟ್. ಯುದ್ಧ ಅದೇ ನವೆಂಬರಿನಲ್ಲಿ ನಿಂತಿತು, ಆದರೆ ಶಾಲೆ ನಿಲ್ಲಲಿಲ್ಲ, ಈಗಲೂ ನಡೆಯುತ್ತಿದೆ. ಎರಡನೆಯ ಮಹಾಯುದ್ಧ ಬಂದಾಗ ೧೯೪೩ರ ಅಕ್ಟೋಬರಿನಲ್ಲಿ ಅಮೆರಿಕದ ಸೈನ್ಯ ಮನೋರೋಗ ವಿಭಾಗದ ಸಮಾಜ ಸೇವಕ ಎಂಬ ಹುದ್ದೆಗೆ ೨೬೩ ಎಂಬ ವಿಶೇಷ ಸಂಖ್ಯೆಯನ್ನೇ ಕೊಟ್ಟಿತು. ಅಲ್ಲಿಯವರೆಗೆ ಸಮಾಜಕಾರ್ಯ ಕಲಿತು ಸಿಪಾಯಿಯಾಗಿ ಸೇರಿದವನು ಉಗ್ರಾಣದಲ್ಲೋ ಅಡಿಗೆಮನೆಯಲ್ಲೋ ಇರಬಹುದಿತ್ತು. ಸಂಖ್ಯೆ ಬಂದ ಮೇಲೆ ಅವನನ್ನು ಹುಡುಕಿ ಆಸ್ಪತ್ರೆಗೆ ಹಾಕುವುದು ಸಾಧ್ಯವಾಯಿತು.

ಇಷ್ಟೆಲ್ಲ ನಡೆದಿದ್ದ ದೇಶದಲ್ಲಿ ೧೯೬೯ರ ಹೊತ್ತಿಗೆ ಮರೆವು ಹೇಗೆ ಬಂತೆಂಬುದು ವಿಚಾರಮಾಡತಕ್ಕ ಸಂಗತಿ. ವಿಯೆಟ್ನಾಮ್ ಯುದ್ಧದ ರೀತಿಯೇ ಬೇರೆಯಾಗಿತ್ತು. ಸಾಮಾನ್ಯ ಸಿಪಾಯಿಗೆ ಅಲ್ಲಿ ಹನ್ನೆರಡು ತಿಂಗಳ ಗಡುವು. ಗಡುವು ಮುಗಿದೊಡನೆ ಅವನೊಬ್ಬನೇ ವಿಮಾನ ಹತ್ತಿ ಊರಿಗೆ ಬರುತ್ತಿದ್ದ. ಹಿಂದಿನ ಯುದ್ಧಗಳಲ್ಲಿ ಇಡೀ ಪಡೆ ಹಡಗಿನಲ್ಲಿ ವಾರಗಟ್ಟಲೆ ಜೊತೆಯಾಗಿ ಹಿಂದಿರುಗುವಾಗ, ಕಂಡದ್ದನ್ನೂ ಮಾಡಿದ್ದನ್ನೂ ಒಬ್ಬರಿಗೊಬ್ಬರು ಹೇಳಿಕೊಳ್ಳಲು ಅವಕಾಶವಿರುತ್ತಿತ್ತು. ಇಲ್ಲಿ ಮೊನ್ನೆ ಕಾಡಿನಲ್ಲಿ ಬಂದೂಕು ಹಿಡಿದಿದ್ದವನು ಇಂದು ಅಮ್ಮನ ಅಡಿಗೆಮನೆಯಲ್ಲಿ. ಊರಿನಲ್ಲಿ ಆ ಯುದ್ಧವನ್ನು ಒಪ್ಪದವರು ಅನೇಕರು. ಒಪ್ಪಿದವರಿಗೂ ಅದರ ವಿವರ ಬೇಕಿರಲಿಲ್ಲ. ರಣರಂಗದಲ್ಲಿ ಇರುವಾಗ ಮನಸ್ಸು ಕೆಟ್ಟವರ ಸಂಖ್ಯೆ ಹಿಂದಿನ ಯುದ್ಧಗಳಿಗಿಂತ ಕಡಿಮೆಯೆಂದು ಸೈನ್ಯದ ವೈದ್ಯರು ಹೆಮ್ಮೆಪಟ್ಟುಕೊಂಡರು. ಅದು ಸುಳ್ಳಲ್ಲ. ನೋವು ಊರಿಗೆ ಬಂದ ಮೇಲೆ ಮೊಳೆಯುತ್ತಿತ್ತು. ಆಗ ಅದನ್ನು ಯುದ್ಧಕ್ಕೆ ಜೋಡಿಸುವುದು ಬಿಟ್ಟು, ಇವನ ಸ್ವಭಾವವೇ ಹೀಗೆ, ಬಾಲ್ಯವೇ ಸರಿಯಿರಲಿಲ್ಲ ಎನ್ನುವುದು ವಾಡಿಕೆಯಾಗಿತ್ತು.

ಹೇಲಿಯವರು ಮೊದಲ ದಿನದ ಅವಮಾನದಿಂದ ರಾಜೀನಾಮೆ ಕೊಡಲಿಲ್ಲ. ಪತ್ರಿಕೆಗಳಿಗೆ ಹೋಗಿ ಗಲಾಟೆಯನ್ನೂ ಎಬ್ಬಿಸಲಿಲ್ಲ. ಅದೇ ಆಸ್ಪತ್ರೆಯಲ್ಲಿ ಕುಳಿತು ಒಬ್ಬೊಬ್ಬನ ಮಾತನ್ನೂ ಕೇಳುತ್ತ ಹೋದರು. ನಮ್ಮ ಮಟ್ಟಿಗೆ ಈಕೆಯ ದೊಡ್ಡತನವಿರುವುದು ಈ ವರ್ಷಗಳಲ್ಲಿ. ಕೇಳುವುದು ಸುಲಭವೆಂದು ಯಾರೂ ತಿಳಿಯಬಾರದು. ಪೆಟ್ಟು ತಿಂದವನ ಕಥೆಯನ್ನು ಕೇಳಿ ಮರುಗಲು ಎಲ್ಲರಿಗೂ ಬರುತ್ತದೆ. ಪೆಟ್ಟು ಕೊಟ್ಟವನು, ನಾನು ಒಂದು ಮಗುವನ್ನು ಕೊಂದೆ ಎಂದು ಎದುರಿಗೆ ಕುಳಿತು ಹೇಳಿದರೆ? ಕೇಳುವವರ ಮುಖ ಸಿಂಡರಿಸುತ್ತದೆ. ಅದನ್ನು ಆತ ಕಾಣುತ್ತಾನೆ, ಅಲ್ಲಿಗೆ ಮಾತು ನಿಲ್ಲುತ್ತದೆ, ಮರುವಾರ ಅವನು ಬರುವುದಿಲ್ಲ.

ಈ ಅನುಭವವನ್ನೆಲ್ಲ ಒಟ್ಟುಗೂಡಿಸಿ ಆಕೆ ೧೯೭೪ರಲ್ಲಿ ಆರ್ಕೈವ್ಸ್ ಆಫ್ ಜನರಲ್ ಸೈಕಿಯಾಟ್ರಿ ಎಂಬ ಪ್ರತಿಷ್ಠಿತ ವೈದ್ಯಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ರೋಗಿಯು ತಾನು ಕಂಡ ಅಥವಾ ಮಾಡಿದ ಘೋರ ಕೃತ್ಯವನ್ನು ಹೇಳಿದಾಗ ಏನು ಮಾಡಬೇಕು ಎಂಬುದು ಅದರ ವಿಷಯ. ಆರೇ ಪುಟಗಳ ಬರಹ. ಮನೋವೈದ್ಯರ ಪತ್ರಿಕೆಯಲ್ಲಿ ಒಬ್ಬ ಸಮಾಜ ಸೇವಕಿ ಮನೋವೈದ್ಯರಿಗೇ ಬುದ್ಧಿ ಹೇಳಿದಂತಾಯಿತು. ಅದರಲ್ಲಿಯ ಮುಖ್ಯವಾದ ಮಾತುಗಳನ್ನು ನಮ್ಮ ನುಡಿಯಲ್ಲಿ ಹೇಳುವುದಾದರೆ ಹೀಗೆ: ಇಂಥವನಿಗೆ ಚಿಕಿತ್ಸೆ ಮಾಡುವವರು ಮೊದಲು ತಮ್ಮೊಳಗನ್ನೇ ನೋಡಿಕೊಳ್ಳಬೇಕು. ಅಂಥ ಹೆದರಿಕೆಯಲ್ಲಿ, ಅಂಥ ದಣಿವಿನಲ್ಲಿ, ಕೊಲ್ಲು ಎಂದು ಸುತ್ತಲಿದ್ದವರು ಹುರಿದುಂಬಿಸುವ ಸನ್ನಿವೇಶದಲ್ಲಿ ತಾನಿದ್ದಿದ್ದರೆ ತನ್ನ ಕೈಯೂ ಎತ್ತಿರಬಹುದಿತ್ತು ಎಂಬುದನ್ನು ಒಪ್ಪಬೇಕು. ಒಪ್ಪಲಾರದವರು ಆ ಕುರ್ಚಿಯಲ್ಲಿ ಕುಳಿತು ಪ್ರಯೋಜನವಿಲ್ಲ. ಎರಡನೆಯದಾಗಿ, ಕಲ್ಲಿನ ಬೊಂಬೆಯಂತೆ ಕುಳಿತು ಟಿಪ್ಪಣಿ ಬರೆಯುವ ಪದ್ಧತಿ ಇಲ್ಲಿ ನಡೆಯದು; ಎದುರಿಗಿರುವುದು ತನ್ನಂತೆ ಒಬ್ಬ ಮನುಷ್ಯ ಜೀವ ಎಂದು ರೋಗಿಗೆ ಅನ್ನಿಸಬೇಕು. ಬೇರೆ ಕಾಯಿಲೆಗಳಲ್ಲಿ ರೋಗಿಗೂ ವೈದ್ಯರಿಗೂ ನಡುವಿನ ನಂಬಿಕೆ ಚಿಕಿತ್ಸೆಗೆ ಸಹಾಯಕ. ಇಲ್ಲಿ ಆ ನಂಬಿಕೆಯೇ ಚಿಕಿತ್ಸೆ.

ಕೊಲೆಯನ್ನು ಆಕೆ ಎಲ್ಲಿಯೂ ಸಮರ್ಥಿಸಿದವರಲ್ಲ. ಓದುಗರಲ್ಲಿ ಕೆಲವರು ಇಲ್ಲಿ ಹುಬ್ಬೇರಿಸಬಹುದು: ಹಾಗಾದರೆ ಮೈ ಲಾಯಿನ ಮಕ್ಕಳ ಗತಿಯೇನು, ಕೊಂದವನ ನಿದ್ದೆಯ ಚಿಂತೆ ನಮಗೇಕೆ, ಎಂದು. ಪ್ರಶ್ನೆ ನ್ಯಾಯವಾದದ್ದೇ. ನ್ಯಾಯಾಲಯದ ಕೆಲಸ ಬೇರೆ, ಆಸ್ಪತ್ರೆಯ ಕೆಲಸ ಬೇರೆ ಎಂಬುದು ನಮ್ಮ ಉತ್ತರ. ಅದಲ್ಲದೆ, ಆ ಮೊದಲ ದಿನದ ಸಿಪಾಯಿ ಗುಂಡು ಹಾರಿಸಿರಲಿಲ್ಲವೆಂದು ಹೇಳಿದವನು. ಅವನ ಮಾತಿಗೆ ಹುಚ್ಚೆಂಬ ಹಣೆಪಟ್ಟಿ ಹಚ್ಚಿದ್ದರಿಂದ ಒಂದು ಕಾಯಿಲೆ ಗುರುತಾಗದೆ ಹೋಯಿತು. ಜೊತೆಗೆ ಒಂದು ಅಪರಾಧದ ಸಾಕ್ಷಿಯೂ ಕಸದ ಬುಟ್ಟಿಗೆ ಹೋಯಿತು.

ಇದೇ ವೇಳೆಗೆ ನ್ಯೂಯಾರ್ಕಿನಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಯುದ್ಧವನ್ನು ವಿರೋಧಿಸುವ ಮಾಜಿ ಸೈನಿಕರು ೧೯೭೦ರಿಂದ ಒಂದು ಕಡೆ ಸೇರಿ ತಮ್ಮ ತಮ್ಮಲ್ಲೇ ಮಾತನಾಡಿಕೊಳ್ಳುವ ಗುಂಪುಗಳನ್ನು ನಡೆಸುತ್ತಿದ್ದರು. ರಾಬರ್ಟ್ ಲಿಫ್ಟನ್ ಮತ್ತು ಖೈಮ್ ಷಾಟನ್ ಎಂಬ ಇಬ್ಬರು ಮನೋವೈದ್ಯರು ಅವರೊಡನೆ ಹೋಗಿ ಕೂಡುತ್ತಿದ್ದರು. ಲಿಫ್ಟನ್ ಹಿರೋಷಿಮಾದಲ್ಲಿ ಬದುಕಿ ಉಳಿದವರನ್ನು ಕಂಡು ಬರೆದವರು. ಷಾಟನ್ ೧೯೭೨ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಈ ನೋವಿನ ಬಗ್ಗೆ ಬರೆದರು. ಬಾಸ್ಟನ್ನಿನ ಸಮಾಜ ಸೇವಕಿಗೂ ಇವರಿಗೂ ಸಂಪರ್ಕವಾಯಿತು. ಜ್ಯಾಕ್ ಸ್ಮಿತ್ ಎಂಬ ಮಾಜಿ ಸೈನಿಕನೂ ಜೊತೆಗೂಡಿದ.

೧೯೭೪ರಲ್ಲಿ ಡಿ.ಎಸ್.ಎಂ. ಪುಸ್ತಕದ ಮೂರನೆಯ ಆವೃತ್ತಿಯನ್ನು ಸಿದ್ಧಪಡಿಸುವ ಹೊಣೆ ಡಾಕ್ಟರ್ ರಾಬರ್ಟ್ ಸ್ಪಿಟ್ಜರ್ ಎಂಬುವರಿಗೆ ಬಂತು. ಯುದ್ಧದ ನೋವಿಗೆ ಅದರಲ್ಲಿ ಹೊಸ ಕಾಲಂ ಸೇರಿಸುವ ಯೋಚನೆಯೇ ಇಲ್ಲವೆಂದು ಮೊದಲು ತಿಳಿದುಬಂತು. ಈಗಿರುವ ಹೆಸರುಗಳಲ್ಲೇ ಇದನ್ನು ಅಡಗಿಸಬಹುದು, ಬೇರೆ ಹೆಸರಿಗೆ ಪುರಾವೆ ಸಾಲದು ಎಂದು ವಾದಿಸುವ ಪಂಡಿತರು ಇದ್ದರು. ಪುರಾವೆ ಕೇಳಿದ್ದನ್ನು ನಾವು ತಪ್ಪೆನ್ನಲಾರೆವು. ಷಾಟನ್, ಲಿಫ್ಟನ್, ಹೇಲಿ, ಸ್ಮಿತ್ ಇವರೂ ತಪ್ಪೆನ್ನಲಿಲ್ಲ. ಪುರಾವೆ ಕೂಡಿಸಲು ಹೊರಟರು. ದೇಶದ ನಾನಾ ಕಡೆಗಳಲ್ಲಿ ಇಂಥ ರೋಗಿಗಳನ್ನು ಕಂಡವರಿಂದ ವಿವರ ತರಿಸಿದರು. ಜೊತೆಗೆ ಒಂದು ಜಾಣತನದ ಕೆಲಸವನ್ನೂ ಮಾಡಿದರು. ಇದು ಸೈನಿಕರ ಕಾಯಿಲೆ ಎಂದಷ್ಟೇ ಹೇಳದೆ, ನಾಜಿಗಳ ಸೆರೆಶಿಬಿರಗಳಿಂದ ಬದುಕಿ ಬಂದವರು, ೧೯೭೨ರಲ್ಲಿ ಪಶ್ಚಿಮ ವರ್ಜೀನಿಯಾದ ಬಫೆಲೊ ಕ್ರೀಕ್ ಕಣಿವೆಯಲ್ಲಿ ಅಣೆಕಟ್ಟು ಒಡೆದು ಮನೆಮಠ ಕಳೆದುಕೊಂಡವರು, ಇಂಥವರಲ್ಲೆಲ್ಲ ಕಂಡ ಲಕ್ಷಣಗಳನ್ನು ಪಕ್ಕದಲ್ಲಿಟ್ಟು ತೋರಿಸಿದರು. ಕಾರಣ ಬೇರೆ ಬೇರೆ; ಕನಸು ಒಂದೇ, ಬೆಚ್ಚುವಿಕೆ ಒಂದೇ, ನಾನೇಕೆ ಉಳಿದೆ ಎಂಬ ಕೊರಗು ಒಂದೇ. ಈ ವಿಷಯವನ್ನು ಪರಿಶೀಲಿಸಿದ ಸಮಿತಿಯಲ್ಲಿದ್ದ ಡಾಕ್ಟರ್ ನ್ಯಾನ್ಸಿ ಆಂಡ್ರಿಯಾಸನ್ ಎಂಬುವರು ಬೆಂಕಿಯಲ್ಲಿ ಸುಟ್ಟು ಬದುಕಿದವರ ಮನಸ್ಥಿತಿಯನ್ನು ಅಭ್ಯಾಸ ಮಾಡಿದ್ದವರು. ಅವರಿಗೆ ಈ ಹೋಲಿಕೆ ಹೊಸದಾಗಿ ತೋರಲಿಲ್ಲ.

ಪತ್ರವ್ಯವಹಾರ, ಸಭೆ, ಕರಡು, ತಿದ್ದುಪಡಿ: ಇದರಲ್ಲಿ ಐದಾರು ವರ್ಷ ಕಳೆಯಿತು. ೧೯೮೦ರಲ್ಲಿ ಪುಸ್ತಕ ಹೊರಬಂತು. ಹೊಸ ಹೆಸರು ಅದರಲ್ಲಿ ಇತ್ತು: ಪೋಸ್ಟ್ ಟ್ರಾಮ್ಯಾಟಿಕ್ ಸ್ಟ್ರೆಸ್ ಡಿಸಾರ್ಡರ್. ಘೋರವಾದ ಅನುಭವದ ನಂತರ ಉಳಿದುಕೊಳ್ಳುವ ಮನಸ್ಸಿನ ಬಾಧೆ ಎನ್ನಬಹುದು. ಆ ಅನುಭವ ಬೇಡವೆಂದರೂ ಮತ್ತೆ ಮತ್ತೆ ನೆನಪಿಗೂ ಕನಸಿಗೂ ಬರುವುದು, ಜೀವನದಲ್ಲಿಯೂ ಜನರಲ್ಲಿಯೂ ಆಸಕ್ತಿ ಮರಗಟ್ಟುವುದು, ಸಣ್ಣ ಸದ್ದಿಗೂ ಬೆಚ್ಚುವುದು, ನಿದ್ದೆ ಕೆಡುವುದು, ಉಳಿದದ್ದಕ್ಕೆ ಪಶ್ಚಾತ್ತಾಪ, ಇವು ಲಕ್ಷಣಗಳು. ಯಾರಿಗಾದರೂ ತಡೆಯಲಾಗದಂಥ ಅನುಭವದಿಂದ ಬರತಕ್ಕದ್ದು ಎಂದು ಅದರಲ್ಲಿ ಬರೆದರು. ಎಂದರೆ ರೋಗಿಯ ಬಾಲ್ಯವನ್ನೋ ಸ್ವಭಾವವನ್ನೋ ದೂರುವ ಹಾಗಿಲ್ಲ. ಆರು ತಿಂಗಳಿಗಿಂತ ತಡವಾಗಿಯೂ ಶುರುವಾಗಬಹುದು ಎಂದು ಇನ್ನೊಂದು ವಾಕ್ಯ. ಅಂಕೆ ೩೦೯.೮೧. ನಮ್ಮಂಥ ಗುಮಾಸ್ತರಿಗೆ ಈ ಅಂಕೆ ಒಂದು ಪದ್ಯದಷ್ಟು ಸೊಗಸಾಗಿ ಕೇಳಿಸುತ್ತದೆ. ಆ ವರ್ಷವೇ ಮಾಜಿ ಸೈನಿಕರ ಇಲಾಖೆ ಈ ಕಾಯಿಲೆಯನ್ನು ತನ್ನ ಪರಿಹಾರದ ಪಟ್ಟಿಯಲ್ಲಿ ಒಪ್ಪಿತು. ಅದಕ್ಕೆ ಒಂದು ವರ್ಷ ಮೊದಲು, ೧೯೭೯ರಲ್ಲಿ, ದೊಡ್ಡಾಸ್ಪತ್ರೆಗೆ ಬರಲು ಹಿಂಜರಿಯುವವರಿಗಾಗಿ ಪೇಟೆಯ ಬೀದಿಗಳಲ್ಲೇ ಅಂಗಡಿಯಂಥ ಚಿಕ್ಕ ಕೇಂದ್ರಗಳನ್ನು ತೆರೆಯುವ ಕಾನೂನು ಆಗಿತ್ತು. ಒಳಗೆ ಕುಳಿತವರಲ್ಲಿ ಅನೇಕರು ಸ್ವತಃ ಮಾಜಿ ಸೈನಿಕರೇ. ಈಗ ಅಂಥವು ಸುಮಾರು ೩೦೦ ಇವೆ.

ಎಷ್ಟು ಮಂದಿಗೆ ಈ ಬಾಧೆ ಇತ್ತು? ಸರಕಾರವೇ ನಡೆಸಿ ೧೯೯೦ರಲ್ಲಿ ಪುಸ್ತಕವಾಗಿ ಬಂದ ಸಮೀಕ್ಷೆಯ ಪ್ರಕಾರ ವಿಯೆಟ್ನಾಮಿಗೆ ಹೋಗಿದ್ದ ಗಂಡಸರಲ್ಲಿ ನೂರಕ್ಕೆ ೧೫ ಮಂದಿಗೆ ಸಮೀಕ್ಷೆಯ ಕಾಲಕ್ಕೂ ಇತ್ತು. ನೂರಕ್ಕೆ ೩೧ ಮಂದಿಗೆ ಬಾಳಿನಲ್ಲಿ ಯಾವಾಗಲಾದರೂ ಬಂದಿತ್ತು. ೨೦೦೬ರಲ್ಲಿ ಇದೇ ಸಮೀಕ್ಷೆಯನ್ನು ಸೈನ್ಯದ ದಾಖಲೆಗಳೊಡನೆ ತಾಳೆ ನೋಡಿ ಲೆಕ್ಕ ತಿದ್ದಿದಾಗ ಆ ಅಂಕೆಗಳು ೯ಕ್ಕೂ ೧೯ಕ್ಕೂ ಇಳಿದವು. ಇಳಿದರೂ ಅದು ಸಣ್ಣ ಲೆಕ್ಕವಲ್ಲ. ತಾಳೆ ನೋಡಿದಾಗ ಸಿಕ್ಕಿದ ಇನ್ನೊಂದು ಸಂಗತಿಯೂ ಉಂಟು: ಸಿಪಾಯಿಗಳು ತಾವು ಕಂಡದ್ದಾಗಿ ಹೇಳಿದ್ದಕ್ಕೂ ದಾಖಲೆಗೂ ಬಹುಮಟ್ಟಿಗೆ ಹೊಂದಿಕೆಯಿತ್ತು. ಸುಳ್ಳು ಹೇಳಿ ಪಿಂಚಣಿ ಹೊಡೆಯುತ್ತಾರೆಂಬ ಗೊಣಗಾಟಕ್ಕೆ ಅದರಲ್ಲಿ ಆಧಾರ ಸಿಗಲಿಲ್ಲ.

ಬೆಸೆಲ್ ವಾನ್ ಡೆರ್ ಕೋಕ್ ಎಂಬ ಪ್ರಸಿದ್ಧ ವೈದ್ಯರು ೧೯೭೮ರಲ್ಲಿ ಅದೇ ಬಾಸ್ಟನ್ ಚಿಕಿತ್ಸಾಲಯಕ್ಕೆ ಹೊಸಬರಾಗಿ ಬಂದಾಗ ಅವರ ಪಕ್ಕದ ಕೋಣೆ ಹೇಲಿಯವರದು. ತಮ್ಮ ಪುಸ್ತಕದಲ್ಲಿ ಅವರು ಆ ೧೯೭೪ರ ಲೇಖನವನ್ನು ಸ್ಮರಿಸಿ, ಈ ಕಾಯಿಲೆಗೆ ಹೆಸರು ಬರಲು ಅದು ಬಲವಾದ ಪ್ರೇರಣೆಯಾಯಿತೆಂದು ಬರೆದಿದ್ದಾರೆ. ಆಘಾತದ ಬಾಧೆಯನ್ನು ಅಭ್ಯಾಸ ಮಾಡುವವರ ಅಂತರರಾಷ್ಟ್ರೀಯ ಸಂಘ, ಚಿಕಿತ್ಸೆಯಲ್ಲಿ ಉತ್ತಮ ಕೆಲಸ ಮಾಡಿದವರಿಗೆ ಸಾರಾ ಹೇಲಿಯವರ ನೆನಪಿನಲ್ಲಿ ಬಹುಮಾನವೊಂದನ್ನು ಇಟ್ಟಿದೆ.

ನಮ್ಮಂಥ ಸಂಸಾರಸ್ಥರ ಪತ್ರಿಕೆಗೆ ಎಲ್ಲಕ್ಕಿಂತ ಹತ್ತಿರವಾದದ್ದು ಆಕೆ ೧೯೮೪ರಲ್ಲಿ ಬರೆದ ಇನ್ನೊಂದು ಲೇಖನ. ವಿಯೆಟ್ನಾಮಿನಿಂದ ಬಂದ ತಂದೆ ಮತ್ತು ಅವನ ಪುಟ್ಟ ಮಗು, ಇದು ವಿಷಯ. ಸಿಪಾಯಿ ಊರಿಗೆ ಬಂದು, ಕೆಲಸ ಹಿಡಿದು, ಮದುವೆಯಾಗಿ, ವರ್ಷಗಟ್ಟಲೆ ಸರಿಯಾಗಿಯೇ ಇರುತ್ತಾನೆ. ಮಗುವಿಗೆ ಎರಡೋ ಮೂರೋ ವರ್ಷ ತುಂಬುತ್ತದೆ. ಆ ವಯಸ್ಸಿನ ಎಲ್ಲ ಮಕ್ಕಳ ಹಾಗೆ ಅದು ಹಟ ಮಾಡುತ್ತದೆ, ಹೊಡೆಯುತ್ತದೆ, ಕಚ್ಚುತ್ತದೆ, ಕೋಲು ಹಿಡಿದು ಢಂ ಢಂ ಎನ್ನುತ್ತದೆ. ಬೇರೆ ತಂದೆ ನಗುತ್ತಾನೆ, ಅಥವಾ ಒಂದು ಏಟು ಕೊಟ್ಟು ಸುಮ್ಮನಾಗುತ್ತಾನೆ. ಈ ತಂದೆಗೆ ಮಾತ್ರ ಆ ಎಳೆಯ ಸಿಟ್ಟು ತನ್ನ ಹಳೆಯ ಸಿಟ್ಟನ್ನು ಎಬ್ಬಿಸುತ್ತದೆ. ತನ್ನ ಕೈಗೆ ತಾನೇ ಹೆದರಿ ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಡುತ್ತಾನೆ, ಇಲ್ಲವೇ ಅತಿಯಾಗಿ ರೇಗುತ್ತಾನೆ. ಹೆಂಡತಿಗೆ ಏನೂ ತಿಳಿಯುವುದಿಲ್ಲ. ಯುದ್ಧ ಮುಗಿದು ಹತ್ತು ವರ್ಷ ಕಳೆದಿದೆ. ಅದಕ್ಕೂ ಇದಕ್ಕೂ ಗಂಟು ಹಾಕಲು ಆಕೆಗೆ ಹೇಗೆ ತೋಚಬೇಕು? ಮನೆ, ಮಡದಿ, ಮಗು ಇವರನ್ನೂ ಲೆಕ್ಕಕ್ಕೆ ತೆಗೆದುಕೊಂಡು ರೋಗಿಯನ್ನು ನೋಡಬೇಕೆಂಬ ಸಮಾಜಕಾರ್ಯದ ಹಳೆಯ ಪಾಠದಿಂದಲೇ ಈ ಸೂಕ್ಷ್ಮ ಹೇಲಿಯವರ ಕಣ್ಣಿಗೆ ಬಿದ್ದಿರಬೇಕು. ಔಷಧದ ಚೀಟಿ ಬರೆಯುವವರಿಗೆ ಮಗುವಿನ ವಯಸ್ಸು ಕೇಳುವ ಪ್ರಮೇಯವಿರುವುದಿಲ್ಲ.

ಈ ವಿದ್ಯೆ ನಮ್ಮ ದೇಶಕ್ಕೂ ಬಂದು ಬಹುಕಾಲವಾಯಿತು. ಮುಂಬಯಿಯ ನಾಗಪಾಡಾದಲ್ಲಿ ೧೯೩೬ರಲ್ಲಿ ಕ್ಲಿಫರ್ಡ್ ಮ್ಯಾನ್‌ಷಾರ್ಟ್ ಎಂಬ ಅಮೆರಿಕನ್ನರ ನೇತೃತ್ವದಲ್ಲಿ ದೊರಾಬ್ಜಿ ಟಾಟಾ ಹೆಸರಿನ ಸಮಾಜಕಾರ್ಯದ ಶಾಲೆ ಆರಂಭವಾಯಿತು. ಇಂದಿನ ಟಾಟಾ ಸಮಾಜವಿಜ್ಞಾನ ಸಂಸ್ಥೆ ಅದೇ. ದೇವನಾರದ ಕಡೆ ಹೋಗುವ ನಮ್ಮ ಮುಂಬಯಿ ಬಂಧುಗಳು ಅದರ ಹೆಬ್ಬಾಗಿಲನ್ನು ಕಂಡೇ ಇರುತ್ತಾರೆ. ಬೆಂಗಳೂರಿನಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತೆರೆಯಿತು; ಅದೂ ಮೈಸೂರು ಸರಕಾರದ ಹಳೆಯ ಮಾನಸಿಕ ಆಸ್ಪತ್ರೆಯೂ ಕೂಡಿ ೧೯೭೪ರಲ್ಲಿ ನಿಮ್ಹಾನ್ಸ್ ಆಯಿತು. ಮನೋರೋಗ ಸಮಾಜಕಾರ್ಯಕ್ಕೆಂದೇ ಅಲ್ಲಿ ಒಂದು ವಿಭಾಗವಿದೆ. ರೋಗಿಯ ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಮನೆಯಲ್ಲಿ ಯಾರು ಯಾರಿದ್ದೀರಿ, ಮಕ್ಕಳೆಷ್ಟು ಎಂದು ಕನ್ನಡದಲ್ಲೇ ಕೇಳುವವರು ಅಲ್ಲಿ ಸಿಗುತ್ತಾರೆ.

ದೂರದ ಊರಿನಲ್ಲಿರುವವರಿಗೆ ಇನ್ನೊಂದು ಅನುಕೂಲವೂ ಆಗಿದೆ. ೨೦೨೨ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ತೆರೆಯಿತು. ಅದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ೧೪೪೧೬ ಸಂಖ್ಯೆಗೆ ಹಗಲಿರುಳೆನ್ನದೆ ಕರೆ ಮಾಡಬಹುದು. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೂ ಮಾತನಾಡಬಹುದು. ೨೦೨೩ರ ಡಿಸೆಂಬರಿನಲ್ಲಿ ಸೈನಿಕರಿಗೂ ಅವರ ಮನೆಯವರಿಗೂ ಎಂದೇ ಇದರ ಪ್ರತ್ಯೇಕ ಘಟಕವೊಂದು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಆರಂಭವಾಯಿತು.